ಪರೀಕ್ಷೆ ಕೋಣೆಯ ಬಾಗಿಲಲ್ಲಿ ಗಂಗಾಂಬಿಕೆ

ನಮ್ಮ ಕಡೆ ಮಿಡಿಸೌತೆ ಬೆಳೆಸುವ ಕಂಪನಿಯವರು ವರ್ಷಕ್ಕೊಂದು ಸಲ ಬೆಳೆಗಾರರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ತಮ್ಮ ತೋಟ, ಕಾರ್ಖಾನೆ, ಕಾಯಿ ಪರೀಕ್ಷೆ ಮಾಡುವ ಕೋಣೆ ಎಲ್ಲ ತೋರಿಸಿಕೊಂಡು ಬರುತ್ತಾರೆ. ಈ ಸಲ ನಮ್ಮೂರಿನ ಸರದಿ. ನನಗೂ ಕರೆ ಬಂದಿತ್ತು. ಪಕ್ಕದ ಮನೆಯ ಗಂಗಾಂಬಿಕೆಗೆ ಬಂದಿರಲಿಲ್ಲ. ಯಾಕೆಂದರೆ ಅವಳ ತೋಟದ ಕಾಯಿಯನ್ನು ಕಂಪನಿ ನಿಲ್ಲಿಸಿ ನಾಲ್ಕಾರು ದಿನವಾಗಿತ್ತು. ಪರೀಕ್ಷೆಯಲ್ಲಿ ಏನೋ ಬೇಡದ್ದು ಸಿಕ್ಕಿದೆ ಅಂತ ಹೇಳಿದ್ದರು. ಏನು ಅಂತ ಹೇಳಿರಲಿಲ್ಲ.

ಆದರೂ ಆ ದಿನ ಬೆಳಿಗ್ಗೆ ನಾನು ಅರಳಿಕಟ್ಟೆ ಹತ್ತಿರ ಹೋಗುವಷ್ಟರಲ್ಲಿ ಅವಳು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟಿದ್ದಳು. ಮೈಮೇಲೆ ಧಾರೆಗೆ ಉಟ್ಟ ರೇಷ್ಮೆ ಸೀರೆ. ಕಂಪನಿಯ ದೊಡ್ಡವರ ಮುಂದೆ ನಿಂತು ಮಾತಾಡಬೇಕಾದವಳು ಗತಿಗೆಟ್ಟವಳ ಹಾಗೆ ಕಾಣಬಾರದು ಅಂತ ಅವಳ ಲೆಕ್ಕ. ನಮ್ಮೂರನ್ನು ನೋಡಿಕೊಳ್ಳುವ ಕಂಪನಿಯ ಫೀಲ್ಡಿನ ಹುಡುಗ ಅಮರನಾಥ ಬಸ್ಸಿನೊಳಗೆ ಬಂದು ಹೆಸರು ಕೂಗುತ್ತಾ ಅವಳ ಹತ್ತಿರ ನಿಂತ.

"ಗಂಗಮ್ಮಾರೇ, ನಿಮ್ಮ ಹೆಸರು ಈ ಲಿಸ್ಟಲ್ಲಿ ಇಲ್ವಲ್ಲ."

"ಎಸ್ರು ಇಲ್ದಿದ್ರೆ ಏನಾಯ್ತಪ್ಪ, ಸೀಟು ಐತಲ್ಲ. ಡ್ರೈವರಣ್ಣ, ನೀನು ಬುಡು ಗಾಡಿಯ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಮರನಾಥ ಒಳ್ಳೆಯ ಹುಡುಗ. ಅವಳನ್ನು ಇಳಿಸದೆ ಮುಂದಿನ ಸೀಟಿಗೆ ಹೋದ. ನಾನು ಅವಳ ಪಕ್ಕ ಕೂತೆ. ಹಿಂದಿನ ಸೀಟಿನಲ್ಲಿದ್ದ ರೂಪಶ್ರೀ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನತ್ತೆ, ಮನೇಲಿದ್ದ ಬೀರುನೇ ಎದ್ದು ಬಂದಂಗೈತೆ ವಾಸ್ನೆ" ಅಂದಳು. ರೂಪಶ್ರೀ ನಮ್ಮೂರಿಗೆ ಮದುವೆಯಾಗಿ ಬಂದ ಹೊಸ ಕಾಲದ ಹುಡುಗಿ, ಅವಳದೂ ಮಿಡಿಸೌತೆ ತೋಟ.

"ನುಸಿಗುಳಿಗೆ ಕಣವ್ವ. ನಿನ್ನ ಸೀರೆಯ ನುಸಿ ತಿಂದ ಮ್ಯಾಲೆ ಗೊತ್ತಾಯ್ತದೆ" ಅಂದಳು ಗಂಗಾಂಬಿಕೆ.

ಅವಳು ಮಾತಿಗೆ ಯಾವತ್ತೂ ಸೋತವಳಲ್ಲ. ಆದರೆ ಆ ದಿನ ಕಣ್ಣು ಕೆಂಪಗಿತ್ತು. ಬಸ್ಸಿಗೆ ಬರುವ ಮುಂಚೆ ಕತ್ತಲಲ್ಲೇ ತೋಟಕ್ಕೆ ಹೋಗಿ ಕಾಯಿ ಬಿಡಿಸಿ ಹಸುವಿನ ಮುಂದೆ ಸುರಿದು ಬಂದಿದ್ದಳು. ತಗೊಳ್ಳುವವರು ಇಲ್ಲದಿದ್ದರೂ ಬಿಡಿಸಲೇಬೇಕು. ಮಿಡಿಸೌತೆ ಬೆರಳು ಗಾತ್ರ ಇದ್ದಾಗಲೇ ಕೀಳಬೇಕು. ಒಂದು ದಿನ ಬಿಟ್ಟರೆ ಕಾಯಿ ಊದುತ್ತದೆ, ಎರಡು ದಿನ ಬಿಟ್ಟರೆ ಬಳ್ಳಿ ತನ್ನ ಕೆಲಸ ಮುಗಿಯಿತು ಅಂತ ಒಣಗುವುದಕ್ಕೆ ಶುರು ಮಾಡುತ್ತದೆ. ಹಬ್ಬ, ಸಾವು, ಜ್ವರ ಯಾವುದನ್ನೂ ಆ ಬಳ್ಳಿ ಕೇಳುವುದಿಲ್ಲ. ಅವಳ ತಮ್ಮನ ತಿಥಿಯ ದಿನವೂ ಬೆಳಿಗ್ಗೆ ಕಾಯಿ ಬಿಡಿಸಿಟ್ಟು ಆಮೇಲೆ ತವರಿಗೆ ಬಸ್ಸು ಹತ್ತಿದವಳು ಅವಳು.

ಗಂಗಾಂಬಿಕೆಯ ತವರು ಗೊರೂರು ಕಡೆ. ಅಣೆಕಟ್ಟೆ ಕಟ್ಟಿದಾಗ ಅವರಪ್ಪನ ಗದ್ದೆ, ಮನೆ ಎರಡೂ ನೀರಿಗೆ ಹೋದವು. ಸರ್ಕಾರ ಬೇರೆ ಕಡೆ ಜಾಗ ಕೊಟ್ಟಿತಂತೆ, ಕಲ್ಲು ನೆಲ. ಅವರಪ್ಪ ಆ ನೆಲವನ್ನು ತನ್ನದು ಅಂತ ಸಾಯುವವರೆಗೂ ಅನ್ನಲಿಲ್ಲ. 'ಅವರು ಕೊಟ್ಟ ಜಾಗ' ಅಂತಲೇ ಅನ್ನುತ್ತಿದ್ದನಂತೆ. ಅಲ್ಲಿಂದ ಅವಳನ್ನು ಹೊಳೆನರಸೀಪುರದ ಈ ಮೂಲೆಯ ನಮ್ಮೂರಿಗೆ ಗುಂಡಯ್ಯನಿಗೆ ಕೊಟ್ಟರು. ಗುಂಡಯ್ಯ ತೆಂಗಿನ ಮರ ಹತ್ತುವುದರಲ್ಲಿ ಎತ್ತಿದ ಕೈ. ಒಂದು ದಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಈಗ ಕೋಲು ಹಿಡಿದು ಹಟ್ಟಿಯಿಂದ ಜಗಲಿಗೆ, ಜಗಲಿಯಿಂದ ಹಟ್ಟಿಗೆ. ಹೆಣ್ಣುಮಕ್ಕಳಿಬ್ಬರನ್ನೂ ಕೊಟ್ಟಾಗಿದೆ. ನಾಲೆ ಕೆಳಗಿನ ಆ ತುಂಡು ನೆಲ ಮಾತ್ರ ಅವರ ಪಾಲಿಗೆ ಉಳಿದದ್ದು.

ಅದನ್ನು ಈಗ ಶುಂಠಿಯವರು, ಗುತ್ತಿಗೆಗೆ ನೆಲ ಹಿಡಿದು ಶುಂಠಿ ಬೆಳೆಯುವವರು, ಕೇಳುತ್ತಿದ್ದರು. ಅವರಿಗೆ ಗುಂಡಯ್ಯನ ಪಾಲೂ ಅವನ ತಮ್ಮ ಬೋರಪ್ಪನ ಪಾಲೂ ಒಟ್ಟಿಗೆ ಬೇಕು. ಬೋರಪ್ಪ ಕೆಟ್ಟವನಲ್ಲ. ಅಣ್ಣ ಬಿದ್ದಾಗ ಹಾಸನದ ಆಸ್ಪತ್ರೆಗೆ ಹೊತ್ತುಕೊಂಡು ಓಡಾಡಿದವನು. ಅವನು ಅತ್ತಿಗೆಗೆ ಹೇಳಿದ್ದು ಇಷ್ಟೇ: "ನೋಡು ಅತ್ತಿಗೆ, ಕಂಪನಿಯೋರು ನಿನ್ನ ಕಾಯಿ ತಗಂಡ್ರೆ ನಿನ್ನ ತ್ವಾಟ ನಿನಗೆ. ಅವ್ರು ಬ್ಯಾಡ ಅಂತ ಕೈ ತೊಳ್ಕಂಡ್ರೆ ಶುಂಠಿಯೋರು ನಮಗೋಸ್ಕರ ಕಾಯ್ತಾ ಕೂರಕ್ಕಿಲ್ಲ. ಅಣ್ಣನ ಕೈಲಿ ರುಜು ಆಕಿಸ್ತೀನಿ."

"ಕಂಪನಿಗೆ ಓಗ್ಬಂದು ಯೋಳ್ತೀನಿ, ಅಲ್ಲಿಗಂಟ ತಡಿ" ಅಂದಿದ್ದಳು ಅವಳು.

ಶುಂಠಿಗೆ ಕೊಟ್ಟ ನೆಲ ಹೇಗಾಗುತ್ತದೆ ಅಂತ ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಬದು ಒಡೆದು ಒಂದು ಮಾಡುತ್ತಾರೆ, ಮರ ಕಡಿಯುತ್ತಾರೆ. ಅವರು ಹೋದ ಮೇಲೆ ರಾಗಿಯೂ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಗಂಗಾಂಬಿಕೆ ಬಸ್ಸು ಹತ್ತಿದ್ದು ಪ್ರವಾಸಕ್ಕಲ್ಲ. ಅವಳಿಗೆ ಬೇಕಾಗಿದ್ದದ್ದು ಕಾಯಿ ಪರೀಕ್ಷೆ ಮಾಡುವ ಆ ಕೋಣೆ. ಅಲ್ಲಿರುವವರನ್ನು ನನ್ನ ಕಾಯಲ್ಲಿ ಏನು ಸಿಕ್ಕಿತು ಅಂತ ಎದುರಿಗೇ ಕೇಳಬೇಕು, ಅಷ್ಟೇ.

ಆ ಕೋಣೆ ಕಡೆಗೆ ಬಂತು. ಅದಕ್ಕೆ ಮುಂಚೆ ಇಡೀ ದಿನ ನಮ್ಮನ್ನು ಸುತ್ತಿಸಿದರು.

ಮೊದಲು ಅರಕಲಗೂಡು ಕಡೆ ಕಂಪನಿಯ ಸ್ವಂತ ತೋಟ. ಹೊಸ ಬೀಜಗಳನ್ನು ಅಲ್ಲಿ ಹಾಕಿ ನೋಡುತ್ತಾರಂತೆ. ಸಾಲಿಗೊಂದು ಬೋರ್ಡು, ಬೋರ್ಡಿಗೊಂದು ನಂಬರು. ಹುಳ ಬಂದು ಅಂಟಿಕೊಳ್ಳಲಿ ಅಂತ ಹಳದಿ ಹಾಳೆ ಕಟ್ಟಿದ್ದರು. ಬಿಸಿಲು ನೆತ್ತಿಗೆ ಏರಿತ್ತು. ಟೋಪಿ ಹಾಕಿದ್ದ ಆಫೀಸರೊಬ್ಬರು ಒಂದೊಂದು ಸಾಲಿನ ಮುಂದೂ ನಿಂತು ಹೇಳುತ್ತಾ ಹೋದರು. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕಾಯಿ ಮುಟ್ಟಬಾರದು, ಯಾವ ಔಷಧಿ ಅಂಗಡಿಯಲ್ಲಿ ಸಿಕ್ಕರೂ ತರಬಾರದು, ಎಲ್ಲ. ನನ್ನ ಮಂಡಿ ನೋವು ಮೊದಲ ಸಾಲಿಗೇ ಶುರುವಾಗಿತ್ತು. ಹೆಂಗಸರು ಸೆರಗು ತಲೆಗೆ ಹಾಕಿಕೊಂಡು ಒಬ್ಬರ ನೆರಳಿನಲ್ಲಿ ಒಬ್ಬರು ನಿಂತಿದ್ದೆವು.

ಗಂಗಾಂಬಿಕೆ ಮಾತ್ರ ಆಫೀಸರ ಪಕ್ಕವೇ ಇದ್ದಳು. ಅವರು ಬಾಯಿ ಮುಚ್ಚಿದ ಕೂಡಲೇ ಕೇಳಿದಳು, "ಸಾ, ನಾನು ನೀವು ಕೊಟ್ಟ ಔಸ್ತಿ ಬುಟ್ಟು ಬ್ಯಾರೆ ಏನೂ ಒಡೆದಿಲ್ಲ. ಆದ್ರೂವೆ ನನ್ನ ಕಾಯಿ ನಿಲ್ಸವ್ರೆ. ಯಾಕೆ ಸಾ?"

"ಅದು ನಮಗೆ ಗೊತ್ತಾಗಲ್ಲಮ್ಮ. ಲ್ಯಾಬಲ್ಲಿ ಕೇಳಿ."

"ಲ್ಯಾಬು ಎಲ್ಲೈತೆ ಸಾ?"

"ಚನ್ನರಾಯಪಟ್ಟಣದ ಹತ್ರ, ಫ್ಯಾಕ್ಟರಿಯಲ್ಲಿ. ಸಾಯಂಕಾಲ ಕರ್ಕೊಂಡು ಹೋಗ್ತಾರೆ."

ಯಾರೋ ಗಂಡಸು ಹಿಂದಿನಿಂದ, "ಸಾ, ಈ ಕಾಯಿಯ ನಮ್ಮೂರಲ್ಲಿ ನಾಯೂ ಮೂಸಕಿಲ್ಲ. ಯಾರು ಸಾ ತಿನ್ನದು?" ಅಂದ. ಹೊರದೇಶದವರು ಬಾಟಲಿಯಲ್ಲಿ ಹುಳಿನೀರಿಗೆ ಹಾಕಿ ಇಟ್ಟುಕೊಂಡು ರೊಟ್ಟಿಯ ನಡುವೆ ಇಟ್ಟು ತಿನ್ನುತ್ತಾರೆ ಅಂತ ಆಫೀಸರು ಹೇಳಿದರು. ಗಂಗಾಂಬಿಕೆ ನನ್ನ ಕಿವಿಯಲ್ಲಿ, "ಯಾವೂರೋನೋ ರೊಟ್ಟಿ ತಿನ್ತಾನೆ, ನನ್ನ ಸೊಂಟ ಬಿದ್ದೋಯ್ತದೆ" ಅಂದಳು.

ಅಲ್ಲಿಂದ ಬಸ್ಸು ಗೊರೂರು ಮೇಲೆ ಹಾಸನಕ್ಕೆ. ಅಣೆಕಟ್ಟೆಯ ನೀರು ಕಂಡಾಗ ಹುಡುಗಿಯರೆಲ್ಲ ಕಿಟಕಿ ಕಡೆ ಎದ್ದು ಫೋಟೋ ತೆಗೆದರು. ಗಂಗಾಂಬಿಕೆ ನಿದ್ದೆ ಹೋಗಿದ್ದಳು. ಎಬ್ಬಿಸೋಣ ಅಂತ ಕೈ ಎತ್ತಿದವಳು ಸುಮ್ಮನಾದೆ. ತೂಕಡಿಸಿ ತೂಕಡಿಸಿ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ನನ್ನ ಟವೆಲನ್ನು ಮಡಿಸಿ ಅಡ್ಡ ಇಟ್ಟೆ. ಹಾಸನದಲ್ಲಿ ಒಂದು ಛತ್ರದಲ್ಲಿ ಊಟ. ಮುದ್ದೆ ಇರಲಿಲ್ಲ. ಪೂರಿ, ಬಿಸಿಬೇಳೆಬಾತು. ಅವಳು ಮೊಸರನ್ನ ಮಾತ್ರ ತಿಂದಳು. ಊಟವಾದ ಮೇಲೆ ಅದೇ ಛತ್ರದಲ್ಲಿ ಪರದೆ ಕಟ್ಟಿ ಸಿನಿಮಾ ಹಾಗೆ ಏನೋ ತೋರಿಸಿದರು. ಫ್ಯಾನಿನ ಕೆಳಗೆ ಅರ್ಧ ಜನ ಗೊರಕೆ.

ಫ್ಯಾಕ್ಟರಿ ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೇಟಿನಲ್ಲೇ ತಲೆಗೆ ಬಟ್ಟೆಯ ಟೋಪಿ, ಕಾಲಿಗೆ ಪ್ಲಾಸ್ಟಿಕ್ಕಿನ ಚೀಲ ಹಾಕಿಸಿದರು. ಒಳಗೆ ಹುಳಿ ಮತ್ತು ಉಪ್ಪಿನ ವಾಸನೆ, ಕಣ್ಣಲ್ಲಿ ನೀರು ಬರುವಷ್ಟು. ಆಳೆತ್ತರದ ನೀಲಿ ಡ್ರಮ್ಮುಗಳು. ಉದ್ದಕ್ಕೆ ಓಡುವ ಪಟ್ಟಿಯ ಮೇಲೆ ಕಾಯಿ ಹೋಗುತ್ತಿದ್ದರೆ ಎರಡೂ ಕಡೆ ಹೆಂಗಸರು ನಿಂತು ಸೊಟ್ಟದ್ದು, ಊದಿದ್ದು ಆರಿಸಿ ಎಸೆಯುತ್ತಿದ್ದರು. ನಮ್ಮ ಹಾಗೇ ಇರುವ ಹೆಂಗಸರು. ಒಬ್ಬಳು ತಲೆ ಎತ್ತದೆಯೇ, "ನೀವು ಬೆಳೆಯೋರಾ? ಕಾಯಿ ತುದಿ ಊವು ಸರಿಯಾಗಿ ಕಿತ್ತು ಕಳುಸ್ರಕ್ಕ, ನಮ್ಮ ಬೆರಳು ಸವೆದೋದ್ವು" ಅಂದಳು. ಗಂಗಾಂಬಿಕೆ ಅವಳಿಗೆ ತನ್ನ ಕೈ ತೋರಿಸಿದಳು. ಬಳ್ಳಿಯ ಸೊನೆಗೆ ಬೆರಳುಗಳೆಲ್ಲ ಕಪ್ಪು, ಎಲೆಯ ಮುಳ್ಳಿನಂಥ ಸುಂಕಿಗೆ ಮೊಳಕೈವರೆಗೂ ತುರಿಕೆಯ ಗೆರೆ. ಆ ಹೆಂಗಸು ಒಂದು ಸಲ ನೋಡಿ ನಕ್ಕು ಮತ್ತೆ ಕಾಯಿಗೆ ಕೈ ಹಾಕಿದಳು.

ಮಹಡಿಯ ಮೇಲೆ ಪರೀಕ್ಷೆ ಕೋಣೆ. ಗಾಜಿನ ಬಾಗಿಲು. ನಾಲ್ಕು ನಾಲ್ಕು ಜನರನ್ನು ಒಳಗೆ ಬಿಡುತ್ತಿದ್ದರು. ನಾನು, ಗಂಗಾಂಬಿಕೆ, ರೂಪಶ್ರೀ ಒಟ್ಟಿಗೆ ನಿಂತೆವು. ಬಾಗಿಲಲ್ಲಿ ಬಿಳಿ ಕೋಟಿನ ಹುಡುಗಿ ಒಬ್ಬಳಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಹೆಸರು ತ್ರಿಶಲಾ ಅಂತ ಇತ್ತು. ಜಿನನಾಥಪುರದವಳಂತೆ, ಅಮರನಾಥ ಆಮೇಲೆ ಹೇಳಿದ. ನಮ್ಮ ಸರದಿ ಬಂದಾಗ ಅವಳು ಗಂಗಾಂಬಿಕೆಗೆ ಅಡ್ಡ ಕೈ ಹಿಡಿದಳು.

"ಅಜ್ಜಿ, ನೀವು ಒಳಗೆ ಬರೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ. ಸೀರೆಯಿಂದ ನುಸಿಗುಳಿಗೆ ವಾಸನೆ ಬರ್ತಿದೆ. ನಮ್ಮ ಮೆಷಿನ್‌ಗೆ ಆಗಲ್ಲ."

ಗಂಗಾಂಬಿಕೆಯ ಮುಖ ಇಳಿಯಿತು. ಬೆಳಗಿನಿಂದ ಬಿಸಿಲಲ್ಲಿ, ಬಸ್ಸಿನಲ್ಲಿ, ಉಪ್ಪಿನ ವಾಸನೆಯಲ್ಲಿ ಕಾಲು ಎಳೆದುಕೊಂಡು ಬಂದದ್ದು ಈ ಬಾಗಿಲಿಗೆ. ಅದೇ ಬಾಗಿಲಲ್ಲಿ ಸೀರೆ ಸರಿಯಿಲ್ಲ ಅಂತ ನಿಲ್ಲಿಸಿದರು.

"ಈ ಕ್ವಾಣೆಗೇ ಅಂತ ಬಂದಿವ್ನಿ ಕಣವ್ವ" ಅಂದಳು. "ಒಳಿಕ್ಕೆ ಬುಡಬ್ಯಾಡ, ಓಗ್ಲಿ. ನನ್ನ ಕಾಯಲ್ಲಿ ಏನು ಸಿಕ್ತು ಅಂತ ಅದೊಂದ ಯೋಳ್ಬುಡು. ಇಲ್ಲೇ ನಿಂತ್ಕಂಡು ಕೇಳ್ತೀನಿ."

ರೂಪಶ್ರೀ ಒಳಗೆ ಹೋದಳು. ನಾನು ಹೋಗಲಿಲ್ಲ. ಗಂಗಾಂಬಿಕೆಯನ್ನು ಬಾಗಿಲಲ್ಲಿ ಒಬ್ಬಳನ್ನೇ ಬಿಟ್ಟು ಆ ಮೆಷಿನ್ನು ನೋಡಿ ನನಗೇನಾಗಬೇಕು?

ರಿಪೋರ್ಟು ಮ್ಯಾನೇಜರಿಗೆ ಮಾತ್ರ ಹೇಳಬೇಕು ಅಂದಳು ತ್ರಿಶಲಾ. ಆಮೇಲೆ ಏನನ್ನಿಸಿತೋ, "ನಿಮ್ಮ ತೋಟದ ನಂಬರ್ ಏನಜ್ಜಿ?" ಅಂತ ಕೇಳಿದಳು. ಗಂಗಾಂಬಿಕೆ ಹೇಳಿದಳು. ಹುಡುಗಿ ಒಳಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದಳು. ಗಾಜಿನ ಆ ಕಡೆಯಿಂದ ಒಂದು ಸಲ ಗಂಗಾಂಬಿಕೆಯ ಸೀರೆ ನೋಡಿದಳು, ಮತ್ತೆ ಕಂಪ್ಯೂಟರು ನೋಡಿದಳು. ಹೊರಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಅಜ್ಜಿ, ಈ ಸೀರೆ ಉಟ್ಕೊಂಡು ತೋಟಕ್ಕೆ ಹೋಗ್ತೀರಾ?"

"ಪಟ್ಟೆ ಸೀರೆ ಉಟ್ಕಂಡು ತ್ವಾಟಕ್ಕೆ ಯಾರವ್ವ ಓದಾರು? ಮೊದಲ್ನೇ ದಿನ ಬುಟ್ರೆ..."

ಅಷ್ಟು ಹೇಳಿ ನಿಲ್ಲಿಸಿಬಿಟ್ಟಳು. ನನಗೂ ಆಗಲೇ ಹೊಳೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮೂರಲ್ಲಿ ಯಾವ ಕಾಯಿಪಲ್ಲೆಯಾದರೂ ಮೊದಲನೇ ಸಲ ಬಿಡಿಸುವುದನ್ನು ಬುಟ್ಟಿಗೆ ಹಾಕುವುದಿಲ್ಲ. ಮುತ್ತೈದೆಯೊಬ್ಬಳು ಒಳ್ಳೆಯ ಸೀರೆ ಉಟ್ಟು, ಬಳ್ಳಿಯ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಮೊದಲ ಕಾಯಿಗಳನ್ನು ತನ್ನ ಮಡಿಲಿಗೆ ಬಿಡಿಸಬೇಕು. ಹೆಣ್ಣುಮಕ್ಕಳಿಗೆ ಮಡಿಲು ತುಂಬುವ ಹಾಗೇ ನೆಲಕ್ಕೂ ಒಂದು ಮರ್ಯಾದೆ. ಮಿಡಿಸೌತೆ ನಮ್ಮೂರಿಗೆ ಹೊಸದಾಗಿ ಬಂದಾಗ ಗಂಗಾಂಬಿಕೆಯೇ ಮೊದಲು ಹಾಕಿದವಳು. ಬೆಳೆ ಚೆನ್ನಾಗಿ ಬಂತು. ಆಮೇಲೆ ಎಲ್ಲರ ತೋಟಕ್ಕೂ ಮೊದಲ ಮಡಿಲಿಗೆ ಅವಳನ್ನೇ ಕರೆಯುವುದಾಯಿತು. ನನ್ನ ಯಜಮಾನರು ಹೋದ ಮೇಲೆ ನನ್ನ ತೋಟಕ್ಕೂ ಅವಳೇ. ಈ ಸಲ ನನ್ನದು ತಡವಾಗಿ ಹಾಕಿದ್ದು, ಇನ್ನೂ ಹೂವಿನಲ್ಲಿತ್ತು. ಅವಳದು ಮತ್ತು ರೂಪಶ್ರೀಯದು ಮಾತ್ರ ಒಂದೇ ದಿನ ಬಿಡಿಸಲು ಬಂದಿದ್ದವು. ಬೆಳಿಗ್ಗೆ ಇದೇ ರೇಷ್ಮೆ ಸೀರೆ ಉಟ್ಟು ತನ್ನ ತೋಟದಲ್ಲಿ ಮಡಿಲು ತುಂಬ ಬಿಡಿಸಿದಳು, ಆಮೇಲೆ ರೂಪಶ್ರೀಯ ತೋಟದಲ್ಲಿ ಶಾಸ್ತ್ರಕ್ಕೆ ಒಂದು ಹಿಡಿ. ಕಂಪನಿಯವರು ಪರೀಕ್ಷೆಗೆ ಕಾಯಿ ಒಯ್ಯುವುದೂ ಮೊದಲ ದಿನವೇ. ಅಮರನಾಥ ಬಂದು ಮೊರದಲ್ಲಿ ಸುರಿದಿದ್ದ ಆ ಮಡಿಲಿನ ಕಾಯಿಯನ್ನೇ ಚೀಲಕ್ಕೆ ತುಂಬಿಕೊಂಡು ಹೋಗಿದ್ದ.

ನಾನು ಇದನ್ನೆಲ್ಲ ಹೇಳಿದೆ.

ತ್ರಿಶಲಾ ತಲೆ ಆಡಿಸಿದಳು. "ನಿಮ್ಮ ಕಾಯಲ್ಲಿ ಸಿಕ್ಕಿದ್ದು ಅದೇ ಅಜ್ಜಿ. ನುಸಿಗುಳಿಗೆ. ಹೊಲಕ್ಕೆ ಹೊಡೆಯೋ ಔಷಧಿ ಯಾವುದೂ ಸಿಕ್ಕಿಲ್ಲ. ನಾನು ಹಾಗೇ ಬರೆದಿದ್ದೆ. ನೀವು ಕಾಯಿ ಹಾಳಾಗದಿರಲಿ ಅಂತ ಬೇಕೂಂತ ಹಾಕಿದೀರಿ ಅಂತ ಕೆಳಗೆ ಆಫೀಸಲ್ಲಿ ತಿಳ್ಕೊಂಡ್ರು. ಬನ್ನಿ, ಮ್ಯಾನೇಜರ್ ಹತ್ರ ಹೋಗೋಣ."

ಮ್ಯಾನೇಜರು ಇನ್ನೂ ಚಿಕ್ಕ ವಯಸ್ಸಿನವರು. ಅವರಿಗೂ ಬೆಳಗಿನಿಂದ ನಮ್ಮಂಥ ಮೂರು ಬಸ್ಸು ಜನಕ್ಕೆ ಕೈ ಮುಗಿದು ಸಾಕಾಗಿತ್ತು ಅಂತ ಕಾಣುತ್ತದೆ, ಕಣ್ಣು ಉಜ್ಜಿಕೊಳ್ಳುತ್ತಿದ್ದರು. ತ್ರಿಶಲಾ ಹೇಳಿದ್ದನ್ನು ಪೂರ್ತಿ ಕೇಳಿದರು. ಗಂಗಾಂಬಿಕೆಯನ್ನು ಕುರ್ಚಿಯ ಮೇಲೆ ಕೂರಲು ಹೇಳಿದರು. ಅವಳು ಕೂರಲಿಲ್ಲ, ವಾಸನೆ ಕುರ್ಚಿಗೆ ಹತ್ತುತ್ತದೆ ಅಂತ.

"ನೀವು ಹೇಳೋದು ನಿಜ ಇರಬಹುದಮ್ಮ. ಆದ್ರೆ ನಿಜ ಇರಬಹುದು ಅಂತ ನಾನು ಹಡಗಿಗೆ ಕಾಯಿ ತುಂಬೋಕಾಗಲ್ಲ. ಅಲ್ಲಿ ಅವರು ಮತ್ತೆ ಪರೀಕ್ಷೆ ಮಾಡ್ತಾರೆ. ಇನ್ನೊಂದು ಸಲ ನಿಮ್ಮ ತೋಟದಿಂದ ಕಾಯಿ ತರಿಸ್ತೀವಿ. ಏನೂ ಇಲ್ಲ ಅಂತ ಬಂದ್ರೆ ನಿಮ್ಮ ಕಾಯಿ ಮತ್ತೆ ತಗೋತೀವಿ."

"ಎಷ್ಟು ದಿವ್ಸ ಆಯ್ತದೆ ಸಾ?"

"ಒಂದು ವಾರ ಹಿಡಿಯುತ್ತೆ. ಅಲ್ಲಿವರೆಗೆ ನಿಮ್ಮ ಕಡೆ ಕಾಯಿ ತೂಕ ಹಾಕೋ ಸೆಂಟರಿನವರು ನಿಮ್ಮ ಕಾಯಿ ತಗೊಳ್ಳಲ್ಲ."

"ಒಂದು ವಾರ ಬುಡ್ಸದೆ ಬುಟ್ರೆ ಬಳ್ಳಿ ಓಯ್ತದಲ್ಲ ಸಾ."

"ಅದಕ್ಕೆ ನಾನೇನು ಮಾಡ್ಲಿ ಹೇಳಿ."

ಅವರು ಜೋರು ಮಾಡಿ ಹೇಳಲಿಲ್ಲ. ಗಂಗಾಂಬಿಕೆ ಕೈ ಮುಗಿದು ಹೊರಗೆ ಬಂದಳು. ಮೆಟ್ಟಿಲು ಇಳಿಯುವಾಗ ತ್ರಿಶಲಾ ಅವಳ ಮೊಳಕೈ ಹಿಡಿದುಕೊಂಡು, "ಸ್ಯಾಂಪಲ್ ಬಂದ ಕೂಡ್ಲೇ ನಾನೇ ಹಾಕ್ತೀನಿ ಅಜ್ಜಿ" ಅಂದಳು.

ವಾಪಸು ಬರುವ ಬಸ್ಸಿನಲ್ಲಿ ವಿಷಯ ಎಲ್ಲರಿಗೂ ಗೊತ್ತಾಯಿತು. ರೂಪಶ್ರೀಯ ತೋಟಕ್ಕೂ ಆ ಪರೀಕ್ಷೆಯಾದ ಮೇಲೆ ಎಚ್ಚರಿಕೆ ಕೊಟ್ಟಿದ್ದರು, ಸಿಕ್ಕಿದ್ದು ಕಮ್ಮಿ ಅಂತ ಕಾಯಿ ನಿಲ್ಲಿಸಿರಲಿಲ್ಲ. ಅದಕ್ಕೆ ಅವಳ ಗಂಡ ಮನೆಯಲ್ಲಿ ರಂಪ ಮಾಡಿದ್ದ. ನೀನೇ ಏನೋ ಹೊಡೆದಿದ್ದೀಯ ಅಂತ ಅವಳ ಮೇಲೆ ಹಾರಾಡಿದ್ದ. ಅವಳು ಸೀಟಿನ ಮೇಲಿನಿಂದ ಬಗ್ಗಿ ಅಂದಳು, "ನಿನ್ನ ಕೈಗುಣ ಒಳ್ಳೇದು ಅಂತ ಕರುದ್ನಲ್ಲತ್ತೆ. ಚೆನ್ನಾಗಿ ತುಂಬಿದೆ ನನ್ನ ಮಡ್ಲ."

ಗಂಗಾಂಬಿಕೆ ತಿರುಗಿ ನೋಡಲಿಲ್ಲ. ಯಾವಾಗಲೂ ತಿರುಗೇಟು ಕೊಡುವವಳು ಸುಮ್ಮನೆ ಕೂತದ್ದು ನೋಡಿ ರೂಪಶ್ರೀಯೂ ಹಿಂದಕ್ಕೆ ಒರಗಿದಳು. ನಾನೇ, "ಅವ್ಳೇನು ಬೇಕೂಂತ ಮಾಡಿದ್ಲಾ? ನೀನು ಕರುದೆ, ಅವ್ಳು ಬಂದ್ಲು" ಅಂದೆ. ಎಲ್ಲರಿಗೂ ಸಾಕಾಗಿತ್ತು. ಡ್ರೈವರು ಹಾಡು ಹಾಕಿದ, ಅರ್ಧಕ್ಕೇ ನಿಲ್ಲಿಸಿದ.

ಮಾರನೇ ದಿನ ಬೆಳಿಗ್ಗೆ ಬೋರಪ್ಪ ಬಂದ. ಅವಳು ತೋಟದಲ್ಲಿದ್ದಳು, ನಾನು ಬದುವಿನ ಮೇಲಿದ್ದೆ. ನಡೆದದ್ದೆಲ್ಲ ಕೇಳಿಕೊಂಡ.

"ಒಂದು ವಾರಾನಾ? ಶುಂಠಿಯೋರು ನಾಡಿದ್ದೇ ಬತ್ತರೆ ಅತ್ತಿಗೆ."

"ಬಂದ್ರೆ ಬರ್ಲಿ. ನಿನ್ನ ಪಾಲು ನೀನು ಕೊಡು. ನಂದು ಒಂದು ವಾರ ಆದ್ಮೇಲೆ."

"ಅವ್ರು ಎಲ್ಡೂ ಬೇಕಂತರೆ."

"ಅಂಗಾರೆ ನಿನ್ನ ಅಣ್ಣನ ತಾವ ರುಜು ಆಕಿಸ್ಕ, ಓಗು. ನಾನು ಅಡ್ಡ ಬರಕಿಲ್ಲ. ಆದ್ರೆ ಬಳ್ಳಿ ಇರಾಗಂಟ ಈ ತ್ವಾಟದಿಂದ ನನ್ನ ಎಬ್ಸಕೆ ನೀನೇ ಬರ್ಬೇಕು, ಅವ್ರ ಕಳಿಸ್ಬ್ಯಾಡ."

ಬೋರಪ್ಪ ಅಣ್ಣನ ಹತ್ತಿರ ಹೋಗಲಿಲ್ಲ. ಶುಂಠಿಯವರು ಬಂದು ಅಳತೆ ಹಾಕಿದರು. ಬೋರಪ್ಪನ ಪಾಲಿಗೆ ಈಗಲೇ ಒಪ್ಪಂದ, ಗುಂಡಯ್ಯನದಕ್ಕೆ ವಾರ ಬಿಟ್ಟು ನೋಡುತ್ತೇವೆ ಅಂದರು. ಅವರ ಆಳುಗಳು ಮೂಲೆಯಲ್ಲಿ ತಗಡಿನ ಶೆಡ್ಡು ಹಾಕುವುದಕ್ಕೆ ಶುರು ಮಾಡಿದರು.

ಆ ವಾರ ಪೂರ್ತಿ ಗಂಗಾಂಬಿಕೆ ಯಾರಿಗೂ ಬೇಡದ ಕಾಯಿ ಬಿಡಿಸಿದಳು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಬಿಡಿಸಿದ್ದನ್ನು ಹಸುವಿನ ಮುಂದೆ ಸುರಿಯುವುದು. ಆಮೇಲೆ ಹಸುವೂ ಮುಖ ತಿರುಗಿಸಿತು. ಅಮರನಾಥ ಬಂದು ಹೊಸದಾಗಿ ಕಾಯಿ ತೆಗೆದುಕೊಂಡು ಹೋದ. ಈ ಸಲ ತಾನೇ ಕೈಗೆ ಪ್ಲಾಸ್ಟಿಕ್ಕು ಹಾಕಿಕೊಂಡು ಬಳ್ಳಿಯಿಂದ ನೇರವಾಗಿ ಕಿತ್ತ. ಅವಳು ದೂರ ನಿಂತು ನೋಡಿದಳು, ಹತ್ತಿರ ಬರಲಿಲ್ಲ.

ನನ್ನ ತೋಟದ ಕಾಯಿ ಬಲಿತದ್ದೂ ಅದೇ ವಾರ. ನಾನು ಹೋಗಿ ಕರೆದೆ. "ಒಗ್ದಿರೋ ನೂಲಿನ ಸೀರೆ ಉಟ್ಕಂಡು ಬಾ" ಅಂದೆ.

"ಬ್ಯಾಡ ಕಣಕ್ಕ" ಅಂದಳು. "ಕ್ರೇಟಿಗೇ ಬುಡ್ಸು. ನೀನೇ ಬುಡ್ಸು."

"ನಾನು ಮುಂಡೆ, ನಾನು ಮೊದಲ ಕೈ ಆಕದಾ?"

"ಮುತ್ತೈದೆ ಕೈ ಆಕಿದ್ದು ನೋಡ್ಲಿಲ್ವಾ?"

ಅವಳು ನಗಿಸಬೇಕು ಅಂತಲೇ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಮಾರನೇ ದಿನ ನಾನೇ ಬಿಡಿಸಿದೆ. ಬುಡಕ್ಕೆ ಅರಿಸಿನ ಇಟ್ಟೆ, ಕಾಯಿಯನ್ನು ಕಂಪನಿಯ ಕ್ರೇಟಿಗೆ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ಅದಾದ ಮೇಲೆ ನಮ್ಮೂರಲ್ಲಿ ಮಿಡಿಸೌತೆಗೆ ಮಡಿಲು ಹಿಡಿಯುವುದು ನಿಂತೇ ಹೋಯಿತು. ಗಂಗಾಂಬಿಕೆಯನ್ನು ಯಾರೂ ಕರೆಯುವುದಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಮರನಾಥನ ಬೈಕು ನಾಲೆ ಏರಿಯ ಮೇಲೆ ಬಂದು ನಿಂತಿತು. ಬೋರಪ್ಪ, ನಾನು ಇಬ್ಬರೂ ಅಲ್ಲಿದ್ದೆವು. ಗಂಗಾಂಬಿಕೆ ಸಾಲಿನ ನಡುವೆ ಬಗ್ಗಿದ್ದಳು. ಅಮರನಾಥ ಇಳಿಯುವ ಮುಂಚೆಯೇ ಕೂಗಿದ.

"ಗಂಗಮ್ಮಾರೇ, ಏನೂ ಇಲ್ಲ ಅಂತ ಬಂತು! ಇವತ್ತಿಂದಲೇ ಸೆಂಟರಿಗೆ ಕಾಯಿ ತನ್ನಿ."

ಅವಳು ಸೊಂಟದ ಮೇಲೆ ಕೈ ಇಟ್ಟು ನಿಧಾನವಾಗಿ ಎದ್ದು ನಿಂತಳು.

"ಇವತ್ತಿಂದ್ಲಾ? ಬೆಳಿಗ್ಗೆದ ಆಗ್ಲೇ ತಿಪ್ಪೆಗೆ ಸುರಿದ್ಬುಟ್ನಲ್ಲಪ್ಪ."

ಬೋರಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಸರಿ ಬುಡು ಅತ್ತಿಗೆ. ನಾನು ಅವ್ರಿಗೆ ಯೋಳ್ತೀನಿ, ನಡುವಿನ ಬದುಗೆ ಕೈ ಆಕಬ್ಯಾಡಿ ಅಂತ" ಅಂದು ಶೆಡ್ಡಿನ ಕಡೆ ಹೋದ. ಅಮರನಾಥನೂ ಇನ್ನೊಂದು ತೋಟಕ್ಕೆ ಹೊರಟ.

ಗಂಗಾಂಬಿಕೆ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತಳು. ನೀರು ಕುಡಿದಳು. ತನ್ನ ಕೈ ತಾನೇ ತುರಿಸಿಕೊಂಡಳು. ಖುಷಿ ಆಗಿದೆಯಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

"ಅಕ್ಕ" ಅಂದಳು. "ಕಂಪನಿಯೋರು ಬ್ಯಾಡ ಅಂದಿದ್ರೆ ನಾಳಿಕೆ ಒಂದು ದಿವ್ಸ ಒತ್ತು ಉಟ್ಟಾಗಂಟ ಮಲೀಕಬೋದಾಗಿತ್ತು ಕಣ. ಇದ ಯಾರಿಗೂ ಯೋಳ್ಬ್ಯಾಡ."

"ನಾಳೆ ನಾನು ಬುಡುಸ್ತೀನಿ, ನೀನು ಮಲೀಕ."

"ನಿನ್ನ ತ್ವಾಟ ಯಾರು ನೋಡಾರು?"

ಅವಳು ಬದು ಹಿಡಿದುಕೊಂಡು ಎದ್ದಳು. ಸಂಜೆ ಲಾರಿ ಬರುವ ಮುಂಚೆ ಒಂದು ಕ್ರೇಟಾದರೂ ಆದೀತು, ಮೊದಲ ದಿನವೇ ಬರಿಗೈಲಿ ಹೋಗಬಾರದು ಅಂತ ಗೊಣಗುತ್ತಾ ಬಿಟ್ಟ ಸಾಲಿಗೆ ಹೋಗಿ ಬಗ್ಗಿದಳು. ನಾನೂ ಸೆರಗು ಸಿಕ್ಕಿಸಿಕೊಂಡು ಪಕ್ಕದ ಸಾಲಿಗೆ ಇಳಿದೆ.